ಕೂಗಿಗೂ ಒಂದು ಠರಾವು

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಅಂಟಿಸಲಾದ ಠರಾವಿನ ಪ್ರಕಾರ, ಇನ್ನು ಮುಂದೆ ಯಾವುದೇ ಫ್ಲ್ಯಾಟಿನ ಕುಕ್ಕರ್ ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ಸಲ ಕೂಗತಕ್ಕದ್ದಲ್ಲ. ನಾಲ್ಕನೆಯ ಕೂಗಿಗೆ ದಂಡ ತೆರಬೇಕು. ರಾಜ್ಮಾ ಅಥವಾ ಕಡಲೆ ಬೇಯಿಸುವವರು ಕಾರ್ಯದರ್ಶಿಯವರಿಂದ ಮುಂಚಿತವಾಗಿ ಎನ್‌ಒಸಿ ಪಡೆಯಬೇಕು. ಲೆಕ್ಕವಿಡುವ ಹೊಣೆ ವಾಚ್‌ಮನ್‌ನದು. ಅವನ ರಿಜಿಸ್ಟರಿನಲ್ಲಿ ಕೊರಿಯರಿನವರ ಕಾಲಮ್ಮಿನ ಪಕ್ಕಕ್ಕೆ ಹೊಸದೊಂದು ಕಾಲಮ್ಮು ಎಳೆಯಲಾಗಿದೆ.

ಇಷ್ಟಕ್ಕೆಲ್ಲ ಕಾರಣ, ಮೂರನೆಯ ಮಹಡಿಯ ಮನೆಯೊಂದರಲ್ಲಿ ಕುಕ್ಕರಿನ ಮುಚ್ಚಳ ಹಾರಿ ತೊಗರಿಬೇಳೆಯೆಲ್ಲ ಸೂರಿಗೆ ಅಂಟಿದ್ದು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅತಿಯಾಗಿ ಕೂಗಿದ್ದರಿಂದಲೇ ಕುಕ್ಕರ್ ಸಿಡಿಯಿತೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಅಂದು ಆ ಕುಕ್ಕರ್ ಒಂದು ಸಲವೂ ಕೂಗಿರಲಿಲ್ಲ ಎಂದು ಮನೆಯೊಡತಿಯೇ ಹೇಳಿದ್ದನ್ನು ನಡಾವಳಿಯಲ್ಲಿ ದಾಖಲಿಸಿಲ್ಲ.

ಗಿರಣಿಯೊಂದರಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದ ಕಾರ್ಕಳದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಅವರು ಆ ಮುಚ್ಚಳವನ್ನು ತರಿಸಿ ಬೆಳಕಿಗೆ ಹಿಡಿದು ನೋಡಿದರು. ವೇಟ್ ಕೂರಿಸುವ ನಳಿಕೆಯಲ್ಲಿ ಬೇಳೆಯ ಸಿಪ್ಪೆ ಅರಿಸಿನದೊಂದಿಗೆ ಗಟ್ಟಿಯಾಗಿ, ಬೆಳಕು ತೂರುವಷ್ಟೂ ಸಂದು ಉಳಿದಿರಲಿಲ್ಲ. ರಬ್ಬರ್ ಬಿರುಕು ಬಿಟ್ಟಿತ್ತು. ಸೇಫ್ಟಿ ವಾಲ್ವ್ ಇರಬೇಕಾದ ಜಾಗದಲ್ಲಿ ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆಯ ಬೋಲ್ಟೊಂದು, ಸ್ಪ್ಯಾನರಿನಿಂದ ಬಿಗಿಸಿಕೊಂಡು, ಬಲು ಭದ್ರವಾಗಿ ಕುಳಿತಿತ್ತು. 1679ರ ಸುಮಾರಿಗೆ ಕುಕ್ಕರಿನ ಮೂಲರೂಪವನ್ನು ಕಟ್ಟಿದ ಫ್ರಾನ್ಸಿನ ದೆನಿ ಪಾಪೆಂ ಹಬೆಗೆ ಹೆದರಿಯೇ ಅದಕ್ಕೆ ವಾಲ್ವ್ ಜೋಡಿಸಿದ್ದ. ನಮ್ಮ ಜನರಿಗೆ ಅಂಥ ಪುಕ್ಕಲುತನವಿಲ್ಲ.

ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಎರಡರಷ್ಟಾಗಿ, ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದಲೇ ಬೇಳೆ ಬೇಗ ಬೇಯುತ್ತದೆಂದೂ, ಒತ್ತಡ ತುಂಬಿತು, ಇನ್ನು ಉರಿ ತಗ್ಗಿಸಿ ಎಂದು ತಿಳಿಸುವುದೇ ಮೊದಲ ಕೂಗಿನ ಕೆಲಸವೆಂದೂ, ನೀರು ಬತ್ತಿ ಕುಕ್ಕರ್ ಮಿತಿಮೀರಿ ಕಾದರೆ ವಾಲ್ವಿನೊಳಗಿನ ಲೋಹ ಕರಗಿ ಹಬೆಗೆ ದಾರಿ ಬಿಡುತ್ತದೆಂದೂ ಹಿರಿಯರು ಸಾವಧಾನವಾಗಿ ವಿವರಿಸಿದರು. ಬೋಲ್ಟು ಕರಗುವುದಿಲ್ಲ. ನೊರೆಯುಕ್ಕುವ ಬೇಳೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದೆಂಬ ಮಾತಿಗೆ ಅವರು ಬರುವಷ್ಟರಲ್ಲಿ ಕಾರ್ಯದರ್ಶಿಯವರು, “ಅಣ್ಣಾ, ಅದೆಲ್ಲ ಟೆಕ್ನಿಕಲ್ ವಿಷಯ, ಇಲ್ಲಿ ನಾವು ಸೇಫ್ಟಿಯ ಬಗ್ಗೆ ಮಾತಾಡುತ್ತಿದ್ದೇವೆ” ಎಂದು ತಡೆದರು.

ಕುಕ್ಕರಿಗೆ ಐಎಸ್‌ಐ ಗುರುತಿದೆಯಲ್ಲ ಎಂದು ಖಜಾಂಚಿಯವರು ಕೇಳಿದರು. ಇತ್ತು. 2021ರ ಫೆಬ್ರವರಿಯಿಂದ ಆ ಗುರುತಿಲ್ಲದ ಕುಕ್ಕರನ್ನು ಮಾರುವಂತೆಯೇ ಇಲ್ಲ. ಗುರುತು ಕೊಟ್ಟವರು ಬೋಲ್ಟನ್ನು ನೋಡಿರಲಿಲ್ಲ, ಅಷ್ಟೆ.

ಕೊನೆಗೆ ಹಿರಿಯರ ಒತ್ತಾಯಕ್ಕೆ ಮಣಿದು, ಎಲ್ಲ ಮನೆಗಳಿಗೂ ಸೊಸೈಟಿಯ ವತಿಯಿಂದ ಹೊಸ ರಬ್ಬರ್ ಹಂಚುವುದೆಂದು ನಿಶ್ಚಯವಾಯಿತು. ನಿಯಮದಂತೆ ಮೂರು ಕೊಟೇಶನ್ ತರಿಸಲಾಯಿತು. ಎರಡು ಲೀಟರಿನ ಕುಕ್ಕರಿಗೂ ಏಳೂವರೆ ಲೀಟರಿನದಕ್ಕೂ, ಒಳಮುಚ್ಚಳದ್ದಕ್ಕೂ ಹೊರಮುಚ್ಚಳದ್ದಕ್ಕೂ ರಬ್ಬರ್ ಬೇರೆ ಬೇರೆಯಾಗಬೇಕೆಂದು ಇಬ್ಬರು ಅಂಗಡಿಕಾರರು ಪಟ್ಟಿಯನ್ನೇ ಬರೆದು ಕಳಿಸಿದ್ದರಿಂದ ಅವರ ದರ ಏರಿತ್ತು. ಮೂರನೆಯವನು ಎಲ್ಲಕ್ಕೂ ಒಂದೇ ಅಳತೆ ಬರೆದು ದರ ತಗ್ಗಿಸಿದ್ದ. ಅತಿ ಕಡಿಮೆ ದರದ ಕೊಟೇಶನ್ನಿಗೆ ಮಂಜೂರಾತಿ ದೊರೆತಿದ್ದು, ಠರಾವಿನ ಕೊನೆಯ ಕಲಮು ಹೀಗಿದೆ: “ಸದರಿ ರಬ್ಬರಿಗೆ ಹೊಂದುವ ಕುಕ್ಕರನ್ನು ಆಯಾ ಸದಸ್ಯರು ಸ್ವಂತ ಖರ್ಚಿನಲ್ಲಿ ಕೊಂಡುಕೊಳ್ಳತಕ್ಕದ್ದು.”