ಷಿಕಾಗೊ ಜನ ಮರೆಯಲಿಲ್ಲ

"ಪೊಲೀಸ್ ದೌರ್ಜನ್ಯದ ಸುದ್ದಿ ಬಂದಾಗ ಅಮೆರಿಕದ ಜನ ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಾರೆ" ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಷಿಕಾಗೊದ ಲಕ್ವಾನ್ ಮೆಕ್‌ಡೊನಾಲ್ಡ್ ಪ್ರಕರಣವನ್ನೇ ನೋಡಿ. 2014ರ ಅಕ್ಟೋಬರ್‌ನಲ್ಲಿ 17 ವರ್ಷದ ಆ ಹುಡುಗನಿಗೆ ಒಬ್ಬ ಪೊಲೀಸ್ 16 ಗುಂಡು ಹೊಡೆದ. ಚಾಕು ಹಿಡಿದು ಮೇಲೆರಗಲು ಬಂದ ಅಂತ ಪೊಲೀಸರು ಹೇಳಿದರು. ಅವರದೇ ಕಾರಿನ ಕ್ಯಾಮೆರಾದಲ್ಲಿ ಹುಡುಗ ದೂರ ಸರಿಯುತ್ತಾ ನಡೆಯುವುದು ಕಾಣುತ್ತದೆ. ಬಿದ್ದ ಮೇಲೂ ಗುಂಡು ನಿಲ್ಲುವುದಿಲ್ಲ. ಆ ವಿಡಿಯೊವನ್ನು ನಗರಾಡಳಿತ 13 ತಿಂಗಳು ಹೊರಗೆ ಬಿಡಲಿಲ್ಲ. ಅಷ್ಟರಲ್ಲಿ ಮೇಯರ್ ಚುನಾವಣೆ ಮುಗಿಯಿತು, ಕುಟುಂಬಕ್ಕೆ 50 ಲಕ್ಷ ಡಾಲರ್ ಪರಿಹಾರವೂ ಮಂಜೂರಾಯಿತು. ಕೊನೆಗೆ ವಿಡಿಯೊ ಬಿಡುಗಡೆ ಮಾಡಿ ಅಂತ ಕೋರ್ಟ್ ಹೇಳಬೇಕಾಯಿತು.

ಆಮೇಲೆ ಜನ ಸುಮ್ಮನೆ ಕೂತರಾ? ವರ್ಷದ ದೊಡ್ಡ ವ್ಯಾಪಾರದ ದಿನವಾದ ಬ್ಲ್ಯಾಕ್ ಫ್ರೈಡೆಯಂದೇ ಮಿಶಿಗನ್ ಅವೆನ್ಯೂದಲ್ಲಿ, ಚಳಿ ಮಳೆಯಲ್ಲಿ, ಕೈಗೆ ಕೈ ಹೆಣೆದು ದುಬಾರಿ ಅಂಗಡಿಗಳ ಬಾಗಿಲಿಗೆ ಅಡ್ಡ ನಿಂತರು. ಕೆಲವೇ ದಿನದಲ್ಲಿ ಮೇಯರ್ ರಾಮ್ ಇಮ್ಯಾನುಯೆಲ್ ಪೊಲೀಸ್ ಮುಖ್ಯಸ್ಥರನ್ನು ಮನೆಗೆ ಕಳಿಸಿದರು. ಗುಂಡು ಹೊಡೆದವನ ಮೇಲೆ ಆರೋಪ ಹೊರಿಸಲು ವರ್ಷಕ್ಕಿಂತ ಜಾಸ್ತಿ ತೆಗೆದುಕೊಂಡ ಪ್ರಾಸಿಕ್ಯೂಟರ್ (ಅಲ್ಲಿ ಚುನಾವಣೆಯಲ್ಲಿ ಗೆದ್ದು ಬರುವ ಸರ್ಕಾರಿ ವಕೀಲೆ) ಅನಿತಾ ಅಲ್ವಾರೆಜ್ ಅವರನ್ನು 2016ರ ಮಾರ್ಚ್‌ನಲ್ಲಿ, ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಯಲ್ಲೇ, ಅವರದೇ ಪಕ್ಷದ ಮತದಾರರು ಸೋಲಿಸಿದರು. ಇಮ್ಯಾನುಯೆಲ್ ಮೂರನೇ ಸಲ ಚುನಾವಣೆಗೆ ನಿಲ್ಲಲೇ ಇಲ್ಲ. ಮರೆತವರು ಇಷ್ಟೆಲ್ಲ ಮಾಡುತ್ತಾರಾ?

ನನ್ನ ಸಿಟ್ಟು ಬೇರೆ ಕಡೆಗೆ. ಗುಂಡು ಹೊಡೆದವನಿಗೆ ಸಿಕ್ಕಿದ್ದು ಏಳು ವರ್ಷವೂ ಇಲ್ಲದ ಶಿಕ್ಷೆ, ಅದರಲ್ಲೂ ಅರ್ಧದಷ್ಟು ಕಳೆದು 2022ರಲ್ಲಿ ಹೊರಬಂದ. ಘಟನೆ ಮುಚ್ಚಿಹಾಕಿದ ಆರೋಪ ಹೊತ್ತ ಮೂವರು ಪೊಲೀಸರು ಖುಲಾಸೆಯಾದರು. ನಿಮ್ಮ ಲೇಖನದಲ್ಲಿ ಇಂಥ ತೀರ್ಪುಗಳ ಬಗ್ಗೆ ಒಂದು ಸಾಲೂ ಇಲ್ಲ.