48ಕ್ಕೆ 15 ಸಾಕು ಮಾರಾಯ್ರೆ

ಕಳೆದ ವಾರ ಬದಿಯಡ್ಕ ಕಡೆಯ ಹುಡುಗನೊಬ್ಬ ಮೆಸೆಂಜರ್‌ನಲ್ಲಿ ಕಡ್ಡಿಗಳ ಬದಲು ತಟ್ಟೆಯ ಹಾಗೆ ಮುಚ್ಚಿರುವ ಕಾರ್ಬನ್ ಡಿಸ್ಕ್ ವೀಲ್‌ನ ಫೋಟೋ ಕಳಿಸಿದ. "ಅಣ್ಣ, ಟ್ರ್ಯಾಕ್ ರೇಸಿಗೆ ಇದನ್ನು ತಗೊಳ್ಳಬಹುದಾ?" ಅವನ ಹತ್ತಿರ ಇನ್ನೂ ಫ್ರೇಮೇ ಇಲ್ಲ. ಹಸು ಬರುವ ಮೊದಲೇ ಗಂಟೆ ಕೊಂಡ ಹಾಗಾಯ್ತು ಅಂತ ನಕ್ಕೆ. ಆದರೆ ಶುರುವಿನಲ್ಲಿ ನಾನೂ ಅದೇ ಜಾತಿಯವನಾಗಿದ್ದೆ. ಅವನಿಗೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ. ಇಲ್ಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಟ್ರ್ಯಾಕ್ ಸೈಕಲಿಗೆ ಬ್ರೇಕ್ ಇಲ್ಲ, ಗೇರ್ ಬದಲಿಸುವ ಹಾಗಿಲ್ಲ, ಫ್ರೀವೀಲೂ ಇಲ್ಲ. ಹಿಂದಿನ ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತದೆ. ಸುಸ್ತಾಯ್ತು ಅಂತ ಕಾಲು ನಿಲ್ಲಿಸಿದರೆ ಸೈಕಲ್ ನಿಮ್ಮನ್ನು ಸೀಟಿನಿಂದ ಎತ್ತಿ ಒಗೆಯುತ್ತದೆ. ನಿಧಾನ ಮಾಡಬೇಕಾದರೆ ಪೆಡಲಿಗೆ ಎದುರಾಗಿ ಕಾಲು ಒತ್ತಬೇಕು, ಇಲ್ಲವೇ ಟ್ರ್ಯಾಕಿನ ಹೊರಬದಿಗೆ ಎತ್ತರಿಸಿ ಕಟ್ಟಿದ ಏರಿನ ಮೇಲಕ್ಕೆ ಹತ್ತಿಸಬೇಕು.

ನಮ್ಮ ಕಾಸರಗೋಡಿನಲ್ಲಿ ವೆಲೋಡ್ರೋಮ್, ಅಂದರೆ ಸೈಕಲ್ ರೇಸಿನ ಟ್ರ್ಯಾಕ್, ಇಲ್ಲ. ಇರುವುದು ಮುರಕಲ್ಲಿನ ಗುಡ್ಡ, ತೋಟದ ಇಳಿಜಾರು, ತಿರುವಿಗೊಂದು ಬಸ್ಸು. ಇಂಥ ರಸ್ತೆಗೆ ಬ್ರೇಕಿಲ್ಲದ ಸೈಕಲ್ ಇಳಿಸುವವನಿಗೆ ಧೈರ್ಯ ಜಾಸ್ತಿ ಅನ್ನುವುದಿಲ್ಲ, ಬುದ್ಧಿ ಕಮ್ಮಿ ಅನ್ನುತ್ತೇನೆ. ಟ್ರ್ಯಾಕ್ ಬೇಕೆಂದರೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಕೂತು ತಿರುವನಂತಪುರಕ್ಕೆ ಹೋಗಬೇಕು. ಸುಮಾರು 600 ಕಿಲೋಮೀಟರ್. ಅಲ್ಲಿ ಕಾರ್ಯವಟ್ಟಂನ ಎಲ್‌ಎನ್‌ಸಿಪಿಇ (ದೈಹಿಕ ಶಿಕ್ಷಣ ಕಾಲೇಜು) ಕ್ಯಾಂಪಸ್ಸಿನಲ್ಲಿ 333.33 ಮೀಟರಿನ ಟ್ರ್ಯಾಕ್ ಇದೆ. ಮೂರು ಸುತ್ತಿಗೆ ಸರಿಯಾಗಿ ಒಂದು ಕಿಲೋಮೀಟರ್. ಕೋಚುಗಳು "ಚವಿಟ್ಟ್, ಚವಿಟ್ಟ್" ಅಂತ ಕೂಗುತ್ತಾರೆ. ನನ್ನ ತಲೆಯೊಳಗೆ ಅದು "ತುಳಿ ತುಳಿ" ಅಂತಲೇ ಕೇಳುತ್ತದೆ.

ಅಂದರೆ ನಮ್ಮಂಥವರು ಪ್ರತಿ ಸಲ ಸೈಕಲ್ ಬಿಚ್ಚಿ ಚೀಲಕ್ಕೆ ತುಂಬಬೇಕು, ಅಲ್ಲಿ ಮತ್ತೆ ಕಟ್ಟಬೇಕು. ಟ್ರ್ಯಾಕಿನ ಪಕ್ಕದಲ್ಲೇ ಮನೆ ಇರುವವನಿಗೆ ಸೆಟಪ್ ಒಂದು ದಿನದ ಕೆಲಸ. ನಮಗೆ ಪ್ರತಿ ಪ್ರಯಾಣದ ಕೆಲಸ. ಮೊದಲ ಸಲ ನಾನು ಸೀಟನ್ನು ಕಣ್ಣಂದಾಜಿನಲ್ಲಿ ಏರಿಸಿದೆ. ಎರಡು ದಿನ ಓಡಿಸಿ ಬಂದ ಮೇಲೆ ಮೊಣಕಾಲು ಒಂದು ತಿಂಗಳು ನೋವು. ಆಮೇಲೆ ಪಾಠ ಕಲಿತು ಸೀಟ್‌ಪೋಸ್ಟಿಗೆ ಟೇಪ್ ಸುತ್ತಿದೆ. ಕ್ರ್ಯಾಂಕ್ ಅಂದರೆ ಪೆಡಲ್ ಹಿಡಿದಿರುವ ತೋಳು. ಅದು ತಿರುಗುವ ನಡುವಿನಿಂದ ಸೀಟಿನ ಮೇಲಿನವರೆಗೆ ಎಷ್ಟು, ಸೀಟಿನ ಮೂತಿಯಿಂದ ಹ್ಯಾಂಡಲ್ಲಿಗೆ ಎಷ್ಟು ಅಂತ ಅಳೆದು ಒಂದು ಚೀಟಿಯಲ್ಲಿ ಬರೆದು ಉಪಕರಣದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಐದು ರೂಪಾಯಿಯ ಖರ್ಚೂ ಅಲ್ಲ. ಡಿಸ್ಕ್ ವೀಲಿಗಿಂತ ಈ ಚೀಟಿ ನನ್ನನ್ನು ಹೆಚ್ಚು ಕಾಪಾಡಿದೆ. ಹ್ಯಾಂಡಲ್ಲನ್ನು ಮಾತ್ರ ಟಿವಿಯಲ್ಲಿ ನೋಡಿದವರ ಹಾಗೆ ಪಾತಾಳಕ್ಕೆ ಇಳಿಸಬೇಡಿ. ಬೆನ್ನು, ಹೊಟ್ಟೆ ಎರಡೂ ಒಪ್ಪಬೇಕಲ್ವಾ.

ಈಗ ಗೇರ್ ವಿಷಯಕ್ಕೆ ಬರುತ್ತೇನೆ. ಜಗಳ ಆಗುವುದೆಲ್ಲ ಇಲ್ಲೇ. ಹುಡುಗರಿಗೆ ದೊಡ್ಡ ಗೇರಿನ ಹುಚ್ಚು. ಯಾರೋ ವಿಶ್ವ ಮಟ್ಟದ ಸ್ಪ್ರಿಂಟರ್ ಮುಂದೆ 60 ಹಲ್ಲಿನ ಚಕ್ರ ಹಾಕುತ್ತಾನೆ ಅಂತ ಕೇಳಿರುತ್ತಾರೆ. ಅವನ ತೊಡೆ ನಮ್ಮ ಸೊಂಟದಷ್ಟು ಇರುತ್ತದೆ, ಅದನ್ನು ಕೇಳಿರುವುದಿಲ್ಲ.

ಲೆಕ್ಕ ಸುಲಭ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿ. ಸುತ್ತಳತೆ ಹತ್ತಿರ ಹತ್ತಿರ 2.1 ಮೀಟರ್. 48ಕ್ಕೆ 15, ಅಂದರೆ ಮುಂದೆ 48 ಹಲ್ಲು, ಹಿಂದೆ 15 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸುಮಾರು 6.7 ಮೀಟರ್ ಮುಂದೆ ಹೋಗುತ್ತೀರಿ. ಆ ಟ್ರ್ಯಾಕಿನ ಒಂದು ಸುತ್ತಿಗೆ 50 ತುಳಿತ. 52ಕ್ಕೆ 14 ಆದರೆ 7.8 ಮೀಟರ್, 43 ತುಳಿತ. "ಏಳು ತುಳಿತ ಉಳಿಯಿತಲ್ಲ" ಅನ್ನುತ್ತಾರೆ. ಉಳಿಯಲಿಲ್ಲ ಮಾರಾಯ್ರೆ, ಒಂದೊಂದು ತುಳಿತವೂ ಭಾರ ಆಯಿತು. ನಿಂತಲ್ಲಿಂದ ಹೊರಡುವಾಗ ಅರ್ಧ ಸುತ್ತು ಬರೀ ಒದ್ದಾಟ. ಮುಂದಿನವ ಹಠಾತ್ತನೆ ವೇಗ ಏರಿಸಿದರೆ ನೀವು ಸೀಟಿನ ಮೇಲೆ ಕೂತು ಗಾಣ ತಿರುಗಿಸುತ್ತಿರುತ್ತೀರಿ.

48ಕ್ಕೆ 15ರಲ್ಲಿ ನಿಮಿಷಕ್ಕೆ 100 ಸಲ ತುಳಿದರೆ ಗಂಟೆಗೆ 40 ಕಿಲೋಮೀಟರ್ ವೇಗ. 120 ತುಳಿದರೆ 48. ಮೊದಲ ವರ್ಷದವನಿಗೆ ಇದು ಸಾಲದಾ? ಕಾಲು ಬೇಗ ಬೇಗ ತಿರುಗುವುದನ್ನು ಕಲಿಯುವುದು ಸಣ್ಣ ಗೇರಿನಲ್ಲೇ. ನಾನು ಹಿಂದಿನ ಹಲ್ಲು 14ಕ್ಕೆ ಇಳಿಸಿ ಗೇರ್ ದೊಡ್ಡದು ಮಾಡಿದ್ದು ಒಂದೂವರೆ ವರ್ಷದ ಮೇಲೆ. ಅದೂ ತಡ ಆಯ್ತು ಅಂತ ಅನ್ನಿಸಲಿಲ್ಲ.

ಕ್ರ್ಯಾಂಕ್ ಉದ್ದ 165 ಮಿಲಿಮೀಟರ್ ಇರಲಿ. ರೋಡ್ ಬೈಕಿನ 172.5 ಬಿಚ್ಚಿ ಹಾಕಬೇಡಿ. ತಿರುವಿನಲ್ಲಿ ನಿಧಾನವಾಗಿ ಹೋಗುವಾಗ ಏರಿನ ಕಡೆಯ ಪೆಡಲ್ ಕಾಂಕ್ರೀಟಿಗೆ ತಾಗಿದರೆ ಅಲ್ಲಿಗೆ ಕಥೆ ಮುಗಿಯಿತು, ಕಾಲು ನಿಲ್ಲಿಸಿ ಪೆಡಲ್ ಮೇಲೆತ್ತುವ ಅನುಕೂಲ ಇಲ್ಲವಲ್ಲ.

ಇನ್ನು ನನ್ನ ಸ್ವಂತ ಕಥೆ. ಮೊದಲ ಸೈಕಲನ್ನು ಒಂದು ಅಂಗಡಿಯಲ್ಲಿ ಕಟ್ಟಿಸಿದೆ. ಯಾವ ಊರಿನದು ಅಂತ ಹೇಳುವುದಿಲ್ಲ, ಅವರು ಈಗಲೂ ಎದುರು ಸಿಕ್ಕರೆ ಚಾ ಕುಡಿಸುತ್ತಾರೆ. ಟ್ರ್ಯಾಕ್ ಸೈಕಲಿನ ಹಿಂದಿನ ಚಕ್ರದ ನಡುವಿನ ಹಬ್ಬಿನಲ್ಲಿ ಎರಡು ಮರೆ (ಸ್ಕ್ರೂವಿನ ಥ್ರೆಡ್) ಇರುತ್ತವೆ. ಹಲ್ಲಿನ ಚಕ್ರ ಬಲಕ್ಕೆ ತಿರುಗಿ ಬಿಗಿಯುತ್ತದೆ. ಅದರ ಮೇಲೆ ಕೂರುವ ಲಾಕ್‌ರಿಂಗ್ ಎಡಕ್ಕೆ ತಿರುಗಿ ಬಿಗಿಯುತ್ತದೆ. ನಿಧಾನ ಮಾಡಲು ಕಾಲು ಹಿಂದಕ್ಕೆ ಒತ್ತಿದಾಗ ಹಲ್ಲಿನ ಚಕ್ರ ಸಡಿಲಾಗಲು ನೋಡುತ್ತದೆ, ಉಲ್ಟಾ ಮರೆಯ ಲಾಕ್‌ರಿಂಗ್ ಬಿಡುವುದಿಲ್ಲ. ಅಂಗಡಿಯವರು ನನಗೆ ಮಾಮೂಲಿ ಹಬ್ ಹಾಕಿ, ಮೇಲಿಂದ ಮಾಮೂಲಿ ಮರೆಯದೇ ರಿಂಗ್ ಕೂರಿಸಿ "ಗಟ್ಟಿ ಇದೆ" ಅಂದರು. ಕಾರ್ಯವಟ್ಟಂನಲ್ಲಿ ನಾಲ್ಕನೇ ಸುತ್ತು ಮುಗಿಸಿ ಕಾಲು ಒತ್ತಿದೆ. ಟಕ್ ಅಂತು. ಪೆಡಲ್ ಗಾಳಿಯಲ್ಲಿ ಹಿಂದಕ್ಕೆ ಸುಮ್ನೆ ತಿರುಗಿತು. ಬ್ರೇಕ್ ಅಂತೂ ಮೊದಲೇ ಇಲ್ಲ. ಏರಿನ ಮೇಲೆ ಹತ್ತಿಸಿ, ಇಳಿದು, ಮತ್ತೆ ಹತ್ತಿಸಿ, ಬೇಲಿ ಹಿಡಿದು ನಿಂತೆ. ನೋಡುತ್ತಿದ್ದವರು ಇದೇನೋ ಹೊಸ ಅಭ್ಯಾಸ ಅಂದುಕೊಂಡರಂತೆ.

ಹಾಗಾಗಿ ದುಡ್ಡು ಇದ್ದರೆ ಹಬ್ಬಿಗೆ ಹಾಕಿ. ಒಳ್ಳೆ ಹಬ್, ಒಳ್ಳೆ ಲಾಕ್‌ರಿಂಗ್, 15 ಎಂಎಂ ಸ್ಪ್ಯಾನರ್ ಒಂದು. ಬೇರೆಲ್ಲ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಟೈರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 23 ಎಂಎಂ ಸಾದಾ ಟೈರ್, 100ರಿಂದ 110 ಪಿಎಸ್‌ಐ ಗಾಳಿ, ಶುರುವಿಗೆ ಸಾಕು.

ಚೈನ್ ಬಿಗಿಯುವುದು ಒಂದು ಹದ. ಕ್ರ್ಯಾಂಕನ್ನು ಮೆಲ್ಲ ತಿರುಗಿಸುತ್ತಾ ಹೋದರೆ ಒಂದು ಕಡೆ ಚೈನ್ ಹೆಚ್ಚು ಬಿಗಿಯಾಗುತ್ತದೆ. ಆ ಜಾಗದಲ್ಲೂ ನಡುವಿಗೆ ಬೆರಳಿಟ್ಟರೆ ಚೂರು ಆಡಬೇಕು. ತೀರಾ ಬಿಗಿ ಇದ್ದರೆ ಕರಕರ ಅನ್ನುತ್ತದೆ, ಸಡಿಲ ಇದ್ದರೆ ಓಡುವಾಗಲೇ ಕಳಚುತ್ತದೆ. ಬಟ್ಟೆ ಹಿಡಿದು ಚಕ್ರ ತಿರುಗಿಸುತ್ತಾ ಚೈನ್ ಒರೆಸಬೇಡಿ. ಫ್ರೀವೀಲ್ ಇಲ್ಲದ ಚಕ್ರ ಬಟ್ಟೆಯನ್ನೂ ಬೆರಳನ್ನೂ ಒಟ್ಟಿಗೇ ಎಳೆದುಕೊಳ್ಳುತ್ತದೆ. ನನ್ನ ಎಡಗೈ ತೋರುಬೆರಳಿನ ಉಗುರು ಇವತ್ತಿಗೂ ಸೊಟ್ಟ.

"ಟ್ರ್ಯಾಕಿಲ್ಲದ ಊರಲ್ಲಿ ಅಭ್ಯಾಸ ಹೇಗೆ?" ಅಂತ ಆ ಹುಡುಗ ಕೇಳಿಯೇ ಕೇಳುತ್ತಾನೆ. ಡಿಸ್ಕ್ ವೀಲಿನ ದುಡ್ಡಲ್ಲಿ, ಸೈಕಲ್ ಮೇಲಿಟ್ಟು ನಿಂತಲ್ಲೇ ತುಳಿಯುವ ರೋಲರ್ ತಗೋ ತಮ್ಮಾ, ಇನ್ನೂ ನಾಲ್ಕು ಸಲದ ರೈಲು ಟಿಕೆಟಿಗೆ ಉಳಿಯುತ್ತದೆ. ಆಟಿಯ ಮಳೆ ಸುರಿಯುವಾಗ ಜಗಲಿಯಲ್ಲಿ ರೋಲರ್ ಹಾಕಿ ತುಳಿಯುವುದು ನನಗೆ ಅಭ್ಯಾಸ. ಅಮ್ಮನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು, ಆ ಸದ್ದಿಗೆ ದನ ಹಾಲು ಕೊಡುವುದಿಲ್ಲ ಅಂತ. ಈಗ ದನಕ್ಕೂ ಅಭ್ಯಾಸವಾಗಿದೆ. ಭಾನುವಾರ ಮನೆಯಲ್ಲೇ ಇರುತ್ತೇನೆ, ಬಾ. ಫ್ರೇಮ್ ಸಿಕ್ಕಿದ್ದರೆ ಹಿಡಿದುಕೊಂಡು ಬಾ, ಲಾಕ್‌ರಿಂಗಿನ ಮರೆ ಯಾವ ಕಡೆಗಿದೆ ಅಂತ ಮೊದಲು ನೋಡುವಾ.