ಹಿಂದಿನ ಸೀಟಿನ ಯಜಮಾನರು

ಇಲ್ಲಿ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದ ಹೊರಗೆ ಸಾಲುಗಟ್ಟಿ ನಿಂತ ಟ್ಯಾಕ್ಸಿಗಳಲ್ಲಿ ಬಹಳಷ್ಟು ಮರ್ಸಿಡಿಸ್ ಇ-ಕ್ಲಾಸ್‌ಗಳೇ. ತಿಳಿ ಕೆನೆ ಬಣ್ಣ, ಡೀಸೆಲ್ ಇಂಜಿನ್, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾಗುವ ರೆಕ್ಸಿನ್ ಸೀಟು. ಊರಿನಿಂದ ಹೊಸದಾಗಿ ಬಂದವರಿಗೆ ಇದೇ ಮೊದಲ ಬೆರಗು: ಬೆಂಜ್ ಕಾರನ್ನು ಬಾಡಿಗೆಗೆ ಓಡಿಸ್ತಾರಾ? ಓಡಿಸುತ್ತಾರೆ, ನಾಲ್ಕೈದು ಲಕ್ಷ ಕಿಲೋಮೀಟರ್ ಓಡಿಸಿ ಮಾರುತ್ತಾರೆ. ಅದೇ ಕಾರು ಬೆಂಗಳೂರಿನಲ್ಲಿ ಎಂಟು ವರ್ಷಕ್ಕೆ, ಎಪ್ಪತ್ತು ಸಾವಿರ ಕಿಲೋಮೀಟರಿಗೇ 'ಮೇಂಟೇನ್ ಮಾಡೋಕಾಗಲ್ಲ' ಎಂದು ಅಗ್ಗಕ್ಕೆ ಕೈ ಬದಲಾಯಿಸುತ್ತದೆ. ಗುಂಡಿ, ಧೂಳು, ಕಲಬೆರಕೆ ಪೆಟ್ರೋಲ್ ಎಂದು ಕಾರಣ ಹೇಳುವುದು ರೂಢಿ. ಅವೂ ಇವೆ. ಆದರೆ ನನ್ನ ಅನಿಸಿಕೆಯಲ್ಲಿ ದೊಡ್ಡ ಕಾರಣ ಬೇರೆ: ಜರ್ಮನಿಯಲ್ಲಿ ದುಡ್ಡು ಕೊಟ್ಟವನೇ ಸ್ಟೀರಿಂಗ್ ಹಿಡಿಯುತ್ತಾನೆ, ನಮ್ಮಲ್ಲಿ ದುಡ್ಡು ಕೊಟ್ಟವರು ಹಿಂದೆ ಕೂರುತ್ತಾರೆ.

ಇದು ಕಂಪನಿಗೂ ಗೊತ್ತು. 2017ರಲ್ಲಿ ಭಾರತಕ್ಕೆ ಬಂದ ಇ-ಕ್ಲಾಸ್‌ನ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಜರ್ಮನಿಯ ಕಾರಿಗಿಂತ 140 ಮಿಲಿಮೀಟರ್ ಹೆಚ್ಚು. ಆ ಜಾಗವೆಲ್ಲ ಹಿಂದಿನ ಸೀಟಿನವರ ಕಾಲಿಗೆ. ಜರ್ಮನಿಯಲ್ಲಿ ಆ ಉದ್ದದ ಕಾರನ್ನು ಮಾರಲೇ ಇಲ್ಲ, ಕೇಳುವವರೂ ಇಲ್ಲ.

ಹಿಂದೆ ಕೂತವರಿಗೆ ಏನು ಕೇಳಿಸುವುದಿಲ್ಲ ಎಂದರೆ, ರೋಡ್ ಹಂಪ್ ಇಳಿಯುವಾಗ ಮುಂದಿನ ಎಡಗಡೆ ಬರುವ ಮೊಂಡು 'ಟಕ್' ಶಬ್ದ. ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಶ್ ಸೀಳಿದ್ದರ ಮೊದಲ ಸೂಚನೆ ಅದು. ಡ್ರೈವರ್‌ಗೆ ಕೇಳಿಸುತ್ತದೆ, ಸ್ಟೀರಿಂಗ್‌ನಲ್ಲಿ ಕೈಗೂ ತಿಳಿಯುತ್ತದೆ. 'ಸಾರ್, ಮುಂದೆ ಏನೋ ಸೌಂಡ್ ಬರ್ತಿದೆ' ಎಂದರೆ 'ಸರ್ವಿಸ್‌ಗೆ ಬಿಟ್ಟಾಗ ಹೇಳಪ್ಪ' ಎಂಬ ಉತ್ತರ. ಸರ್ವಿಸ್ ಬರುವ ಹೊತ್ತಿಗೆ ಸಡಿಲ ಬುಶ್‌ನಿಂದ ಬಾಲ್ ಜಾಯಿಂಟ್‌ಗೆ ಪೆಟ್ಟು ಬಿದ್ದು, ಅಲೈನ್‌ಮೆಂಟ್ ಹೋಗಿ, ಟೈರಿನ ಒಳ ಅಂಚು ದಾರ ಕಾಣುವಷ್ಟು ಸವೆದಿರುತ್ತದೆ. ಬುಶ್ ಒಂದರಲ್ಲಿ ಮುಗಿಯಬೇಕಿದ್ದ ಬಿಲ್ಲು ಆರ್ಮ್, ಜಾಯಿಂಟ್, ಎರಡು ಟೈರು ಎಂದು ಬೆಳೆಯುತ್ತದೆ. ಆಮೇಲೆ ಬೈಗುಳ ಮಾತ್ರ ಬ್ರ್ಯಾಂಡಿಗೆ.

ಇತಿಹಾಸ ನೋಡಿದರೆ ಈ ಎರಡು ಬಗೆಯ ಒಡೆತನವೂ ಈ ಕಂಪನಿಯ ಹುಟ್ಟಿನಲ್ಲೇ ಇದೆ. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಜನ ನಂಬಲಿಲ್ಲ. 1888ರ ಆಗಸ್ಟ್‌ನಲ್ಲಿ ಹೆಂಡತಿ ಬೆರ್ಟಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಗಾಡಿ ಹೊಡೆದುಕೊಂಡು ಹೋದರು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು, ಹ್ಯಾಟಿನ ಪಿನ್ನಿನಿಂದ ಬಿಡಿಸಿದರು. ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ, ಪೆಟ್ರೋಲಿನಂಥ ದ್ರವ ಕೊಂಡು ತುಂಬಿಸಿದರು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದರು. ಬ್ರೇಕ್ ಲೈನಿಂಗ್‌ನ ಕಥೆ ಶುರುವಾಗುವುದೇ ಅಲ್ಲಿಂದ. ಇದು ಬೆಂಜ್ ಕವಲು.

ಮರ್ಸಿಡಿಸ್ ಕವಲು ಬೇರೆ. ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ ಫ್ರಾನ್ಸಿನ ನೀಸ್‌ನಲ್ಲಿ ಸಿರಿವಂತರಿಗೆ ಡೈಮ್ಲರ್ ಕಂಪನಿಯ ಕಾರು ಮಾರುತ್ತಿದ್ದ. 1900ರಲ್ಲಿ ಒಂದೇ ಏಟಿಗೆ 36 ಕಾರಿಗೆ ಆರ್ಡರ್ ಕೊಟ್ಟು, ಇನ್ನಷ್ಟು ತಗ್ಗಾಗಿರಬೇಕು, ಉದ್ದ ಇರಬೇಕು, ವೇಗ ಬೇಕು, ಮಗಳ ಹೆಸರನ್ನೂ ಇಡಬೇಕು ಎಂದ. 1901ರ 35 ಅಶ್ವಶಕ್ತಿಯ ಮರ್ಸಿಡಿಸ್ ಹುಟ್ಟಿದ್ದು ಹಾಗೆ. 1926ರಲ್ಲಿ ಎರಡು ಕಂಪನಿಗಳೂ ಒಂದಾದವು. ಯೆಲಿನೆಕ್ ಇಲ್ಲದಿದ್ದರೆ ಈ ಕಾರಿಗೆ ಠೀವಿ ಬರುತ್ತಿರಲಿಲ್ಲ, ಒಪ್ಪುತ್ತೇನೆ. ನಾವು ತಂದುಕೊಂಡದ್ದು ಮಾತ್ರ ಅವನ ಅರ್ಧವನ್ನಷ್ಟೇ.

ವಿಚಿತ್ರ ಎಂದರೆ ಕರ್ನಾಟಕಕ್ಕೆ ಮೊದಲು ಬಂದದ್ದು ಇನ್ನೊಂದು ಅರ್ಧ. 1954ರಲ್ಲಿ ಟಾಟಾ ಮತ್ತು ಡೈಮ್ಲರ್-ಬೆಂಜ್ ಒಪ್ಪಂದವಾಗಿ ಮೂರು ಮೊನೆಯ ನಕ್ಷತ್ರ ಹೊತ್ತ ಲಾರಿಗಳು ಹೊರಬಂದವು. ಒಪ್ಪಂದ ಮುಗಿದದ್ದು 1969ರಲ್ಲಿ. ಆಮೇಲೂ ಹಳಬರ ಬಾಯಲ್ಲಿ ಅದು ಬೆಂಜ್ ಲಾರಿಯೇ. ಘಟ್ಟ ಹತ್ತಿಳಿಯುತ್ತಿದ್ದ ಆ ಲಾರಿಗಳ ಬಾನೆಟ್ಟಿನೊಳಗೆ ಏನಿದೆ ಎಂದು ಡ್ರೈವರಿಗೂ ಕ್ಲೀನರಿಗೂ ಗೊತ್ತಿರುತ್ತಿತ್ತು. ಕಾರುಗಳ ತಯಾರಿಕೆ ಪುಣೆಯಲ್ಲಿ ಆರಂಭವಾದದ್ದು 1995ರಲ್ಲಿ, ಕಂಪನಿಯ ಸಂಕೇತದಲ್ಲಿ ಡಬ್ಲ್ಯೂ124 ಎನ್ನುವ ಇ-ಕ್ಲಾಸ್‌ನಿಂದ. ಯುರೋಪಿನಲ್ಲಿ ಅದೇ ವರ್ಷ ಮುಂದಿನ ಮಾದರಿ ಬಂದಾಗಿತ್ತು. ಹಳೆಯದನ್ನು ನಮಗೆ ದಾಟಿಸಿದರು ಎಂಬ ಸಿಟ್ಟು ಆಗ ಇತ್ತು. ಇವತ್ತು ನೋಡಿದರೆ ನಮಗೇ ಲಾಭ: ಡಬ್ಲ್ಯೂ124ರ ನಂತರದ ಡಬ್ಲ್ಯೂ210 ತುಕ್ಕಿಗೆ ಹೆಸರಾದ ಕಾರು.

ಸರಕಾರಗಳ ರೀತಿಯೂ ಒಡೆತನವನ್ನು ರೂಪಿಸುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಮಾನ ತೆರಿಗೆ ಶೇ. 18, ಮೇಲೆ ಸೆಸ್. 80 ಲಕ್ಷದ ಕಾರಿಗೆ ಸೆಸ್ ಬಿಟ್ಟೇ 14 ಲಕ್ಷ 40 ಸಾವಿರ, ಅದೂ ರಸ್ತೆಗಿಳಿಯುವ ಮೊದಲೇ. ಅಷ್ಟು ಕಟ್ಟಿಸಿಕೊಂಡ ಮೇಲೆ ಸ್ವಂತ ಬಳಕೆಯ ಕಾರಿನ ಕಡೆ ಸಾರಿಗೆ ಇಲಾಖೆ 15 ವರ್ಷ ಕಣ್ಣೆತ್ತಿ ನೋಡುವುದಿಲ್ಲ. ಎಮಿಷನ್ ಟೆಸ್ಟ್ ಒಂದು ಬಿಟ್ಟರೆ ಬ್ರೇಕ್ ಹಿಡಿಯುತ್ತದೋ ಇಲ್ಲವೋ ಕೇಳುವವರಿಲ್ಲ. ಜರ್ಮನಿಯಲ್ಲಿ ತೆರಿಗೆ ವರ್ಷ ವರ್ಷ. 2 ಲೀಟರ್ ಡೀಸೆಲ್‌ಗೆ ಇಂಜಿನ್ ಗಾತ್ರದ ಲೆಕ್ಕದಲ್ಲಿ 190 ಯೂರೋ, ಹೊಗೆಯ ಲೆಕ್ಕ ಅದರ ಮೇಲೆ. ಆದರೆ ಹೊಸ ಕಾರಿಗೆ ಮೂರನೇ ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ ತಪಾಸಣೆ ತಪ್ಪಿದ್ದಲ್ಲ. ಟ್ಯೂಫ್ ಅಥವಾ ಅಂಥದೇ ಇನ್ನೊಂದು ಸಂಸ್ಥೆಯ ಇಂಜಿನಿಯರ್ ಕಾರನ್ನು ಎತ್ತಿ ನೋಡುತ್ತಾನೆ. ರೋಲರ್ ಮೇಲೆ ಎಡ-ಬಲ ಬ್ರೇಕುಗಳ ಹಿಡಿತದ ವ್ಯತ್ಯಾಸ ಅಳೆಯುತ್ತಾನೆ, ಚಕ್ರ ಅಲ್ಲಾಡಿಸಿ ಜಾಯಿಂಟ್ ಸಡಿಲವಾಗಿದೆಯೇ ನೋಡುತ್ತಾನೆ, ಬಾಗಿಲ ಕೆಳಗಿನ ತಗಡನ್ನು ಕುಟ್ಟಿ ತುಕ್ಕು ಹುಡುಕುತ್ತಾನೆ. ಗಂಭೀರ ದೋಷ ಸಿಕ್ಕರೆ ಒಂದು ತಿಂಗಳೊಳಗೆ ಸರಿಮಾಡಿಸಿ ಮತ್ತೆ ತೋರಿಸಬೇಕು. ಮೇಲೆ ಹೇಳಿದ ಸೀಳಿದ ಬುಶ್ ಇಲ್ಲಿ ನಾಲ್ಕು ವರ್ಷ ಬದುಕಲು ಸಾಧ್ಯವೇ ಇಲ್ಲ.

ವಯಸ್ಸಿನ ಗೌರವದಲ್ಲೂ ಅಂತರವಿದೆ. ಇಲ್ಲಿ 30 ವರ್ಷ ತುಂಬಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ನಂಬರ್ ಪ್ಲೇಟಿನ ಕೊನೆಗೆ 'ಎಚ್' ಸಿಗುತ್ತದೆ, ವರ್ಷದ ತೆರಿಗೆ ಸುಮಾರು 192 ಯೂರೋಗೆ ನಿಲ್ಲುತ್ತದೆ, ದಿನವೂ ಓಡಿಸಬಹುದು. ಭಾರತದ 2021ರ ನಿಯಮದಲ್ಲಿ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಿರಬೇಕು, ನೋಂದಣಿಗೆ 20 ಸಾವಿರ ರೂಪಾಯಿ, ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಡಬ್ಲ್ಯೂ124ಕ್ಕೂ ಹಿಂದಿನ ಮಾದರಿಯಾದ 1985ರ ಡಬ್ಲ್ಯೂ123 ಇಲ್ಲಿ ಆಸ್ತಿ, ನಮ್ಮಲ್ಲಿ ಬರೀ ಹಳೇ ಗಾಡಿ.

ಹಾಗೆಂದು ಇಲ್ಲಿನದೆಲ್ಲ ಚಿನ್ನವಲ್ಲ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಜ್ಯಾಕ್ ಕೊಡುವ ಜಾಗ, ಮಡ್‌ಗಾರ್ಡ್ ಅಂಚು, ಮುಂದಿನ ಗಾಜಿನ ಕೆಳಮೂಲೆಗಳನ್ನು ತಿಂದುಹಾಕುತ್ತದೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ನಿಂತ ಅದೇ ವಯಸ್ಸಿನ ಕಾರಿನ ತಗಡು ನೋಡಿದರೆ ಇಲ್ಲಿನವರು ಹೊಟ್ಟೆ ಉರಿದುಕೊಳ್ಳಬೇಕು. ಎರಡನೆಯದು ಕೂಲಿ. ಗಂಟೆಯ ದರ ಎಷ್ಟೆಂದರೆ, ರಿಪೇರಿ ಎಂಬುದೇ ಮೂಗಿಗಿಂತ ಮೂಗುತಿ ಭಾರ ಎನ್ನುವಂತಾಗಿ, ಇಡೀ ಯೂನಿಟ್ ಕಿತ್ತು ಹೊಸದು ಹಾಕುವುದೇ ಪದ್ಧತಿಯಾಗಿದೆ. 1992ರಿಂದ 95ರ ಡಬ್ಲ್ಯೂ124 ಪೆಟ್ರೋಲ್ ಕಾರುಗಳ ಇಂಜಿನ್ ವಯರಿಂಗ್ ಹಾರ್ನೆಸ್, ಅಂದರೆ ತಂತಿಗಳ ಕಂತೆ, ತೆಗೆದುಕೊಳ್ಳಿ. ಅದರ ಹೊದಿಕೆ ಇಂಜಿನ್ ಬಿಸಿಗೆ ಒಣಗಿ ಪುಡಿಪುಡಿಯಾಗಿ ಉದುರುತ್ತದೆ, ಬರಿ ತಂತಿಗಳು ಒಂದಕ್ಕೊಂದು ತಾಗಿ ಐಡ್ಲಿಂಗ್ ಕುಣಿಯುತ್ತದೆ, ಕೆಲವೊಮ್ಮೆ ಕಂಟ್ರೋಲ್ ಯೂನಿಟ್ಟೇ ಸುಡುತ್ತದೆ. ಇಲ್ಲಿ ಹೊಸ ಹಾರ್ನೆಸ್ ಕೊಳ್ಳುತ್ತಾರೆ. ಬೆಂಗಳೂರಿನ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹಳೆಯ ಪ್ಲಗ್‌ಗಳನ್ನೇ ಇಟ್ಟುಕೊಂಡು ಒಂದೊಂದೇ ತಂತಿ ಬದಲಿಸಿ ಕಟ್ಟಿಕೊಡುತ್ತಾನೆ. ಒಂದೇ ಷರತ್ತು: ಬಿಸಿ ತಡೆಯುವ ಸಿಲಿಕೋನ್ ಹೊದಿಕೆಯ ತಂತಿಯನ್ನು ನೀವೇ ತಂದುಕೊಡಬೇಕು. ಸಾದಾ ಪಿವಿಸಿ ವಯರ್ ಹಾಕಿದರೆ ಮತ್ತದೇ ಕಥೆ. ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಬೆಳೆದ ಈ ಕೈಚಳಕ ಇಲ್ಲಿ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು.

ಎರಡೂ ಕಡೆ ಸಮನಾಗಿ ಹಾದಿ ತಪ್ಪಿಸಿದ್ದು 'ಲೈಫ್‌ಟೈಮ್ ಆಯಿಲ್' ಎಂಬ ಮಾತು. 1996ರ ಹೊತ್ತಿಗೆ ಬಂದ 722.6 ಎಂಬ ಐದು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಎಣ್ಣೆ ಬದಲಿಸುವುದೇ ಬೇಡ ಎಂದು ಮೊದಲು ಹೇಳಿದ್ದರು, ಅಳತೆ ಕಡ್ಡಿಯನ್ನೂ ಇಡಲಿಲ್ಲ. ನಂತರ 60 ಸಾವಿರ ಕಿಲೋಮೀಟರಿಗೆ ಬದಲಿಸಿ ಎಂದರು. ಆ ಗೇರ್‌ಬಾಕ್ಸ್‌ನ ಪಕ್ಕದಲ್ಲಿ ವಯರುಗಳು ಒಳಹೋಗುವ ಕಡೆ 13 ಪಿನ್ನಿನ ಪ್ಲಾಸ್ಟಿಕ್ ಕನೆಕ್ಟರ್ ಇದೆ. ಬಿಸಿಗೆ ಅದರ ಓ-ರಿಂಗುಗಳು ಗಟ್ಟಿಯಾದಾಗ ಎಣ್ಣೆ ನೆಲಕ್ಕೆ ತೊಟ್ಟಿಕ್ಕುವುದಷ್ಟೇ ಅಲ್ಲ, ದೀಪದ ಬತ್ತಿಯಲ್ಲಿ ಏರುವಂತೆ ವಯರಿನೊಳಗೇ ಏರಿ ಗೇರ್ ಕಂಟ್ರೋಲ್ ಯೂನಿಟ್ ತಲುಪುತ್ತದೆ. ಗಾಡಿ ಎರಡನೇ ಗೇರಿನಲ್ಲೇ ಸಿಕ್ಕಿಕೊಳ್ಳುತ್ತದೆ. 'ಗೇರ್‌ಬಾಕ್ಸ್ ಹೋಯ್ತು ಸಾರ್, ಓವರ್‌ಹಾಲ್ ಮಾಡ್ಬೇಕು' ಎಂಬ ಮಾತು ಬರುವುದು ಆಗ. ಒಪ್ಪುವ ಮೊದಲು ಕಂಟ್ರೋಲ್ ಯೂನಿಟ್ಟಿನ ಪ್ಲಗ್ ಕಿತ್ತು ನೋಡಿಸಿ. ಅಲ್ಲಿ ಎಣ್ಣೆ ಪಸೆ ಇದ್ದರೆ ಕನೆಕ್ಟರ್ ಬದಲಿಸಿ, ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ಜೊತೆಗೇ ಫಿಲ್ಟರ್ ಮತ್ತು ಎಣ್ಣೆ ಹಾಕಿಸಿದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರ್ ಕೂಡ ಖಾಲಿ ಮಾಡಿದರೆ ಏಳರಿಂದ ಎಂಟು ಲೀಟರ್ ಬೇಕು. ಮಟ್ಟವನ್ನು ಎಣ್ಣೆ 80 ಡಿಗ್ರಿ ಬಿಸಿಯಾದಾಗ, ಇಂಜಿನ್ ಓಡುತ್ತಿರುವಾಗಲೇ, ಗ್ಯಾರೇಜಿನ ಉದ್ದ ಕಡ್ಡಿ ಇಳಿಸಿ ನೋಡಬೇಕು. ತಣ್ಣಗಿದ್ದಾಗ ನೋಡಿ 'ಫುಲ್' ಎಂದವನ ಮಾತು ನಂಬಬೇಡಿ.

ಏರ್ ಸಸ್ಪೆನ್ಷನ್ ಇದ್ದರೆ ಇನ್ನೊಂದು ಪಾಠ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆ ತಗ್ಗಿ ನಿಂತಿದ್ದರೆ ಸಾಮಾನ್ಯವಾಗಿ ಆ ಮೂಲೆಯ ಗಾಳಿ ಚೀಲ ಸೋರುತ್ತಿರುತ್ತದೆ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುವುದರಿಂದ ಎಂಟೂವರೆಗೆ ಬಂದು ಕೂರುವ ಯಜಮಾನರಿಗೆ ಅದು ಕಾಣುವುದೇ ಇಲ್ಲ. ತಿಂಗಳುಗಟ್ಟಲೆ ಮಿತಿಮೀರಿ ದುಡಿದ ಕಂಪ್ರೆಸರ್ ಸುಡುತ್ತದೆ. ಕಂಪ್ರೆಸರ್ ಹಾಕಿಸುವಾಗ ಅದಕ್ಕೆ ಕರೆಂಟು ಕೊಡುವ ಸ್ವಿಚ್ಚಾದ ರಿಲೇಯನ್ನೂ ಬದಲಿಸಿ. ಹಳೆಯ ರಿಲೇ ಅಂಟಿಕೊಂಡರೆ ಹೊಸ ಕಂಪ್ರೆಸರ್ ನಿಲ್ಲದೆ ಓಡಿ ಅದೂ ಸುಡುತ್ತದೆ.

ಇಂಜಿನ್ ತಂಪಿಡುವ ಕೂಲೆಂಟ್ ದ್ರವದ ವಿಷಯದಲ್ಲಿ ನಮ್ಮವರ ಉದಾಸೀನ ನನಗೆ ಅರ್ಥವೇ ಆಗುವುದಿಲ್ಲ. ಬೋರ್‌ವೆಲ್ ನೀರು ಟಾಪ್-ಅಪ್ ಮಾಡಿದರೆ ಸುಣ್ಣದಂಶ ರೇಡಿಯೇಟರ್‌ನಲ್ಲಿ, ಹೀಟರ್ ಕೋರ್‌ನಲ್ಲಿ ಕಲ್ಲುಗಟ್ಟುತ್ತದೆ. ಇಲ್ಲಿ ಹಿಮಗಟ್ಟುವ ಭಯಕ್ಕಾದರೂ ನೀರಿಗೆ ಕೂಲೆಂಟ್ ಅರ್ಧಕ್ಕರ್ಧ ಬೆರೆಸುತ್ತಾರೆ. ನಮಗೆ ಹಿಮದ ಭಯವಿಲ್ಲ ಎಂದು ಬಿಡುವಂತಿಲ್ಲ, ಅಲ್ಯೂಮಿನಿಯಂ ಕೊರೆಯದಂತೆ ಕಾಯುವುದೂ ಅದೇ ದ್ರವ.

ಊರಿಗೆ ಮರಳುವವರು ಇಲ್ಲಿನ ಕಾರನ್ನೇ ಹಡಗಿಗೆ ಹಾಕಬಹುದೇ ಎಂದು ಕೇಳುತ್ತಿರುತ್ತಾರೆ. ಆಸೆ ಬಿಡಿ. ಬಳಸಿದ ಕಾರಿನ ಆಮದಿಗೆ ಮೂರು ವರ್ಷದ ವಯೋಮಿತಿ ಇದೆ, ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ, ಎಲ್ಲಕ್ಕಿಂತ ಮೊದಲು ಸ್ಟೀರಿಂಗ್ ಬಲಗಡೆ ಇರಬೇಕು. ಅದರ ಬದಲು ಬೆಂಗಳೂರಿನಲ್ಲೇ ಹಳೆಯದೊಂದನ್ನು ನೋಡಿ. ಹಿಂದಿನ ಸೀಟಿನ ಚರ್ಮ ಎಷ್ಟು ಹೊಳೆಯುತ್ತದೆ ಎಂಬುದು ಬೇಡ, ಬಿಲ್ಲುಗಳ ಕಡತ ಕೇಳಿ: ಗೇರ್ ಎಣ್ಣೆ ಯಾವಾಗ, ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಾಗಿದೆಯೇ, ಇಂಜಿನ್ ಆಯಿಲ್ ಬಿಲ್ಲಿನಲ್ಲಿ ಕಂಪನಿ ಒಪ್ಪಿದ ಎಣ್ಣೆಯ ಸಂಖ್ಯೆ 229.5 ಅಥವಾ ಹೊಗೆ ಫಿಲ್ಟರ್ ಇರುವ ಡೀಸೆಲ್‌ಗೆ 229.51 ಎಂದು ಬರೆದಿದೆಯೇ. ಮಾರುವವರಿಗೆ ಮೊದಲೇ ಹೇಳಿ, ನೀವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬಾರದು. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿದ್ದರೆ ಕಾರು ನಾಲ್ಕು ಮೂಲೆಯಲ್ಲೂ ಸಮವಾಗಿ ನಿಂತಿದೆಯೇ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ ಮೊದಲ ಕೆಲವು ಸೆಕೆಂಡು ಟೈಮಿಂಗ್ ಚೈನಿನ ಗಲಗಲ ಬರುತ್ತದೆಯೇ ಕೇಳಿಸಿಕೊಳ್ಳಿ. ನಂತರ ಎಸಿ, ಹಾಡು ಎರಡನ್ನೂ ಆರಿಸಿ, ಗಾಜು ಇಳಿಸಿ, ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಓಡಿಸಿ. ಗಾಡಿಯ ನಿಜವಾದ ಚರಿತ್ರೆ ಗೊತ್ತಿರುವುದು ಆ ಡ್ರೈವರಿಗೇ. ಹಂಪ್ ಇಳಿಯುವಾಗ ಆತನನ್ನೇ ಕೇಳಿ, ಈ ಸೌಂಡು ಯಾವಾಗಿಂದ ಬರ್ತಿದೆ ಎಂದು.